ಅಕ್ಕೋರಿಗೊಂದು ಪತ್ರ: ಗಲ್ಲಾಕ್ಕೆ ಕೈ ಹಾಕಿದ ಹುಡುಗನಿಗೆ ಕಥೆ ಪುಸ್ತಕ ಯಾಕೆ?

ಪ್ರಶ್ನೆ: ಅಕ್ಕೋರೆ, ನಮಸ್ಕಾರ. ನಮ್ಮದು ಶಹಾಪುರ. ಯಜಮಾನರದು ಕಿರಾಣಿ ಅಂಗಡಿ, ಮಗ ಒಂಬತ್ತನೇ ತರಗತಿ. ಪಂಚಮಿ ಮುಂದೆ ಗಲ್ಲಾದ ಲೆಕ್ಕ ಹತ್ತಲಿಲ್ಲ. ಹುಡುಕಿದರೆ ಇವನೇ ಇಪ್ಪತ್ತು, ಐವತ್ತು ಅಂತ ತೆಗೆದು ಮೊಬೈಲ್ ಗೇಮಿಗೆ ಹಾಕಿದ್ದಾನೆ. ಒಟ್ಟು 1,200 ರೂಪಾಯಿ. ಅವರ ಅಪ್ಪ ಬೆಲ್ಟ್ ತಗೊಂಡು ಹೊಡೆದರು. ಅಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಈಗ ಸಾಮಾನು ಒಯ್ಯಲು ಬಂದವರ ಮುಂದೆಲ್ಲ "ಇವನ ಕೈಯಾಗ ರೊಕ್ಕ ಕೊಡಬ್ಯಾಡ್ರಿ, ಕಳ್ಳ ಇದ್ದಾನ" ಅಂತಾರೆ. ಹುಡುಗ ಅಂಗಡಿ ಕಡೆ ಕಾಲಿಡುವುದನ್ನೇ ಬಿಟ್ಟಿದ್ದಾನೆ. ಕರೆದರೆ ಊಟಕ್ಕೆ ಬರುತ್ತಾನೆ, ಮಾತಿಲ್ಲ. ಶಾಲೆಯಲ್ಲಿ ಕನ್ನಡ ಸರ್ ಶನಿವಾರ ಒಂದು ತಾಸು ಕಥೆ, ಆತ್ಮಕಥೆ ಓದಿಸುತ್ತಾರೆ. ಈ ವರ್ಷ ಎಲ್ಲವೂ ತಪ್ಪು ಮಾಡಿ ತಿದ್ದಿಕೊಂಡವರದು, ಕ್ಷಮೆ ಕೇಳಿದವರದು. ಇವರಿಗೆ ಗೊತ್ತಾಗಿ, "ಕಳ್ಳಗ ಕ್ಷಮಾದ ಕಥಿ ಓದಸ್ತಾರೇನು? ಮುಂದಿನ ವರ್ಷ ಹತ್ತನೇತ್ತೆ ಬರ್ಲಿಕತ್ತದ, ಗಣಿತ ಓದಸ್ಲಿ" ಅಂತ ಶಾಲೆಗೆ ಹೋಗಿ ಜಗಳಾಡಿ ಬಂದರು. ನನಗೂ ಒಳಗೆ ಅಳುಕು. ಈ ವಯಸ್ಸಿನಲ್ಲಿ ಕ್ಷಮೆಯ ಪುಸ್ತಕ ಓದಿಸಿದರೆ, ಏನು ಮಾಡಿದರೂ ಮಾಫ್ ಆಗುತ್ತದೆ ಅಂತ ಹುಡುಗರು ಇನ್ನೂ ಧೈರ್ಯ ಮಾಡುವುದಿಲ್ಲವೇ?

ಉತ್ತರ: ತಂಗಿ, ಪುಸ್ತಕದ ಮಾತಿಗಿಂತ ಮೊದಲು ನಿಮ್ಮ ಅಂಗಡಿಯ ಲೆಕ್ಕ ನೋಡೋಣ. 1,200 ರೂಪಾಯಿಗೆ ಬೆಲ್ಟಿನ ಏಟು ಒಂದು ಶಿಕ್ಷೆ. ಗಿರಾಕಿಗಳ ಮುಂದೆ ದಿನಾ ಕಳ್ಳ ಅನ್ನಿಸಿಕೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ಮುಗಿಯುವ ತಾರೀಖೇ ಇಲ್ಲ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ, ಪೊಲೀಸ್ ಠಾಣೆಯ ತನಕ ಹೋದ ಮಗುವಿನ ಹೆಸರನ್ನೂ ಪತ್ರಿಕೆಯವರು ಅಚ್ಚು ಹಾಕುವ ಹಾಗಿಲ್ಲ. ವಿಶೇಷ ಸಂದರ್ಭ ಬಿಟ್ಟರೆ ಹಳೆಯ ದಾಖಲೆ ಅಳಿಸಿಹಾಕಬೇಕು, ಮಗು ಹೊಸದಾಗಿ ಶುರು ಮಾಡಬೇಕು ಅನ್ನುವುದು ಆ ಕಾಯ್ದೆಯ ತತ್ವಗಳಲ್ಲೊಂದು. ಸರಕಾರವೇ ಅಳಿಸು ಅಂದದ್ದನ್ನು ನಿಮ್ಮ ಯಜಮಾನರು ದಿನಾ ಬೆಳಿಗ್ಗೆ ತಕ್ಕಡಿಯಲ್ಲಿ ಇಟ್ಟು ತೂಗುತ್ತಿದ್ದಾರೆ.

ಪುಸ್ತಕ ಓದಿ ಧೈರ್ಯ ಬರುತ್ತದೆಯೇ ಅಂತ ಕೇಳಿದಿರಿ. ಗಲ್ಲಾಕ್ಕೆ ಕೈ ಹಾಕುವಾಗ ಅವನು ಯಾವ ಪುಸ್ತಕ ಓದಿದ್ದ? ತಪ್ಪಿನೊಳಗೆ ಹೋಗುವ ದಾರಿ ಹುಡುಗರಿಗೆ ಯಾರೂ ತೋರಿಸಬೇಕಾಗಿಲ್ಲ. ಹೊರಗೆ ಬರುವ ದಾರಿಯನ್ನು ತೋರಿಸಬೇಕು, ಯಾಕೆಂದರೆ ಯಾರೋ ಬಂದದ್ದನ್ನು ಕಣ್ಣಾರೆ ನೋಡದೆ ಅದು ತಿಳಿಯುವುದಿಲ್ಲ. ಮನೆಯಲ್ಲಿ ನೋಡಲಿ ಅನ್ನೋಣವೆಂದರೆ, ನಮ್ಮ ಕಡೆ ಗಂಡಸರು ಮಕ್ಕಳ ಮುಂದೆ "ನಂದು ಗಲತಿ ಆಯ್ತು" ಅಂದದ್ದನ್ನು ನಾನು ಇಷ್ಟು ವಯಸ್ಸಾದರೂ ಬೆರಳೆಣಿಕೆಯಷ್ಟು ಸಲ ಕೇಳಿದ್ದೇನೆ. ಹೆಂಗಸರೂ ಅಷ್ಟಕ್ಕಷ್ಟೇ. ಹಾಗಾಗಿ ಪುಸ್ತಕದಲ್ಲಾದರೂ ನೋಡಲಿ.

ಆ ಸರ್ ಏನೇನು ಓದಿಸುತ್ತಾರೋ ನೀವು ಬರೆದಿಲ್ಲ. ಗಾಂಧೀಜಿಯ ಆತ್ಮಕಥೆಯಲ್ಲಿ ಕಳ್ಳತನದ ಭಾಗವೊಂದಿದೆ, ಅದನ್ನು ಓದಿಸಿದ್ದರೆ ಅವರಿಗೆ ನನ್ನದೊಂದು ಶರಣು ಹೇಳಿ. ಆಗ ಗಾಂಧಿಗೆ ಹದಿನೈದು ವರ್ಷ, ನಿಮ್ಮ ಮಗನ ಓರಗೆ. ಅಣ್ಣನಿಗೆ ಇಪ್ಪತ್ತೈದು ರೂಪಾಯಿಯಷ್ಟು ಸಾಲವಾಗಿತ್ತು. ಅದನ್ನು ತೀರಿಸಲು ಆ ಅಣ್ಣನ ತೋಳಿನ ಬಂಗಾರದ ಕಡಗದಿಂದಲೇ ಒಂದು ಚೂರು ಕತ್ತರಿಸಿ ತೆಗೆದರು. ಸಾಲ ತೀರಿತು, ನಿದ್ದೆ ಹೋಯಿತು. ಅಪ್ಪನಿಗೆ ಬಾಯಿಂದ ಹೇಳುವ ಧೈರ್ಯ ಬರಲಿಲ್ಲ, ಚೀಟಿ ಬರೆದರು. ಆ ಚೀಟಿಯಲ್ಲಿ ಏನಿತ್ತು ಅನ್ನುವುದೇ ಮುಖ್ಯ. ತಪ್ಪು ಒಪ್ಪಿಕೊಂಡಿದ್ದರು, ತಕ್ಕ ಶಿಕ್ಷೆ ಕೊಡಿ ಎಂದಿದ್ದರು, ನನ್ನ ತಪ್ಪಿಗಾಗಿ ನೀವು ನಿಮ್ಮನ್ನು ದಂಡಿಸಿಕೊಳ್ಳಬೇಡಿ ಎಂದು ಬೇಡಿಕೊಂಡಿದ್ದರು, ಇನ್ನು ಮುಂದೆ ಕದಿಯುವುದಿಲ್ಲವೆಂದು ಆಣೆಯಿಟ್ಟಿದ್ದರು. ಕಾಯಿಲೆಯಿಂದ ಮಲಗಿದ್ದ ಅಪ್ಪ ಎದ್ದು ಕೂತು ಓದಿದರು. ಕಣ್ಣೀರು ಕಾಗದದ ಮೇಲೆ ಬಿತ್ತು. ಒಂದು ಗಳಿಗೆ ಕಣ್ಣು ಮುಚ್ಚಿ, ಚೀಟಿ ಹರಿದುಹಾಕಿ, ಮತ್ತೆ ಮಲಗಿದರು. ಸಿಟ್ಟಿನ ಮನುಷ್ಯ, ಹಣೆ ಚಚ್ಚಿಕೊಳ್ಳಬಹುದು ಅಂತ ಮಗ ಅಂದುಕೊಂಡಿದ್ದ. ಹಾಗಾಗಲಿಲ್ಲ.

ಇದನ್ನು ಓದಿದ ಹುಡುಗ "ಓಹೋ, ಕದ್ದರೆ ಮಾಫ್ ಆಗುತ್ತದೆ" ಅಂತ ಕಲಿಯುತ್ತಾನೆಯೇ? ನಾನು ಹತ್ತಾರು ವರ್ಷ ತರಗತಿಯಲ್ಲಿ ಈ ಭಾಗ ಓದಿಸಿದ್ದೇನೆ. ಚೀಟಿ ಕೈಗೆ ಕೊಡುವ ಜಾಗ ಬಂದಾಗ ಹಿಂದಿನ ಬೆಂಚಿನ ಗಲಾಟೆಯೂ ನಿಲ್ಲುತ್ತಿತ್ತು. ಎಲ್ಲರ ಚೀಲದಲ್ಲೂ ಕೊಡದೆ ಉಳಿದ ಒಂದು ಚೀಟಿ ಇದ್ದೇ ಇರುತ್ತದಲ್ಲ!

ಈಗ ನನ್ನ ಚೀಟಿ.

1998ರಲ್ಲಿ ಎಂಟನೇ ತರಗತಿಯ ಮಕ್ಕಳನ್ನು ಭೀಮಾ ದಂಡೆಯ ಸನ್ನತಿಗೆ ಕರೆದೊಯ್ಯುವುದು ಅಂತಾಯಿತು. ತಲೆಗೆ ಮೂವತ್ತು ರೂಪಾಯಿ, ರೊಕ್ಕ ಕೂಡಿಸುವುದು ನನ್ನ ಪಾಲಿಗೆ ಬಂತು. ಎಣಿಸಿದರೆ 90 ರೂಪಾಯಿ ಕಡಿಮೆ. ಮಧ್ಯಾಹ್ನದ ಬಿಡುವಿನಲ್ಲಿ ತರಗತಿಯಲ್ಲಿ ಒಬ್ಬನೇ ಉಳಿದಿದ್ದವನು ಗಂಜಿನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ಹಮಾಲಿ ಮಾಡುವವರ ಮಗ. ನಾನು ಬೇರೆ ಯಾರನ್ನೂ ಕೇಳಲಿಲ್ಲ. ನಲವತ್ತೇಳು ಮಕ್ಕಳ ಮುಂದೆ ಅವನ ಚೀಲವನ್ನು ನೆಲಕ್ಕೆ ಸುರುವಿಸಿದೆ. ಎರಡು ನೋಟ್‌ಬುಕ್ಕು, ಒಂದು ಕಟಿಕಟಿ ರೊಟ್ಟಿ, ಕಾಗದದಲ್ಲಿ ಕಟ್ಟಿದ ಶೇಂಗಾ ಹಿಂಡಿ. "ಎಲ್ಲಿ ಮುಚ್ಚಿಟ್ಟೀದಿ?" ಅಂದೆ. ಸನ್ನತಿಗೆ ಅವನು ಬರಲಿಲ್ಲ. ಮರಳಿ ಬಂದ ಸೋಮವಾರ ಹಾಜರಿ ಪುಸ್ತಕದ ರಟ್ಟಿಗೆ ಹಾಕಿದ್ದ ಖಾಕಿ ಹೊದಿಕೆಯೊಳಗೆ ಒಂದು ಐವತ್ತರ ನೋಟು, ಎರಡು ಇಪ್ಪತ್ತರವು ಸಿಕ್ಕವು. ನಾನೇ ಇಟ್ಟು ಮರೆತದ್ದು.

ಹುಡುಗನನ್ನು ಸ್ಟಾಫ್ ರೂಮಿಗೆ ಕರೆದು, ಯಾರೂ ಇಲ್ಲದ ಹೊತ್ತು ನೋಡಿ, "ತಪ್ಪಾಯ್ತಪ್ಪ" ಅಂದೆ. "ಇರ್ಲಿ ಬಿಡ್ರಿ ಅಕ್ಕೋರೆ" ಅಂದ. ನನಗೆ ಹಗುರಾಯಿತು. ಮನೆಗೆ ಹೋಗಿ ಚಹಾ ಕುಡಿದು ನಿದ್ದೆ ಮಾಡಿದೆ. ಆದರೆ ಆ ನಲವತ್ತೇಳು ಮಕ್ಕಳಿಗೆ ನಾನು ಹೇಳಲಿಲ್ಲ. ಮಾರ್ಚ್‌ವರೆಗೂ ಅವರು ಅವನನ್ನು "ನೈಂಟಿ" ಅಂತ ಕರೆದರು. ನಾನು ಕೇಳಿಸದವಳ ಹಾಗೆ ಇದ್ದೆ. ಒಂಬತ್ತನೇ ತರಗತಿಗೆ ಅವನು ಬರಲಿಲ್ಲ. ಅಪ್ಪನ ಜೊತೆ ಗಂಜಿಗೆ ಹೋಗುತ್ತಿದ್ದಾನೆ ಎಂದರು. ನನ್ನಿಂದಲೇ ಅಂತ ಹೇಳಲಾರೆ, ಅಲ್ಲ ಅಂತಲೂ ಹೇಳಲಾರೆ.

ಸನ್ನತಿಯಲ್ಲಿ ಆವತ್ತು ಮಕ್ಕಳಿಗೆ ತೋರಿಸಲು ಹೋದದ್ದು ಏನು ಗೊತ್ತೇ? ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಕಾದೇವಿಯ ಗುಡಿಯಿತ್ತು. 1980ರ ದಶಕದಲ್ಲಿ ಅದರ ಮಾಳಿಗೆ ಕುಸಿಯಿತು. ಮೂರ್ತಿಯ ಕೆಳಗೆ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಮೇಲೆ ಅಶೋಕನ ಬ್ರಾಹ್ಮಿ ಅಕ್ಷರ. ಭೀಮಾ ದಂಡೆಯ ನಮ್ಮ ಜನ ಎಷ್ಟು ಕಾಲದಿಂದಲೋ ಅದಕ್ಕೇ ಕಾಯಿ ಒಡೆದು ಕೈ ಮುಗಿಯುತ್ತಿದ್ದರು. ಅಲ್ಲೇ ಹತ್ತಿರ ಕನಗನಹಳ್ಳಿಯಲ್ಲಿ ಸ್ತೂಪ ಅಗೆದಾಗ ರಾಜ ಅಶೋಕನೆಂದು ಹೆಸರನ್ನೇ ಕೆತ್ತಿದ ಶಿಲ್ಪವೂ ಸಿಕ್ಕಿತು.

ಅಶೋಕನ ಹದಿಮೂರನೆಯ ಶಾಸನವೆಂದರೆ ಒಬ್ಬ ರಾಜ ತನ್ನ ತಪ್ಪನ್ನು ತಾನೇ ಕಲ್ಲಿಗೆ ಹಾಕಿಸಿದ್ದು. ಕಳಿಂಗದಲ್ಲಿ ಒಂದೂವರೆ ಲಕ್ಷ ಜನರನ್ನು ಹಿಡಿದೊಯ್ದೆ, ಒಂದು ಲಕ್ಷ ಜನ ಸತ್ತರು, ಅದರ ಎಷ್ಟೋ ಪಟ್ಟು ಜನ ಆಮೇಲೆ ಅಳಿದರು, ನನಗೆ ಪಶ್ಚಾತ್ತಾಪವಾಗಿದೆ ಎನ್ನುತ್ತಾನೆ. ಗೆದ್ದವನೊಬ್ಬ ಹೀಗೆ ಬರೆಸಿದ್ದು ಎಲ್ಲಿದೆ ಹೇಳಿ? ಆದರೆ ಈ ಶಾಸನ ಉತ್ತರಾಖಂಡದ ಕಾಲ್ಸಿಯಲ್ಲಿದೆ, ಇನ್ನೂ ದೂರ, ಈಗಿನ ಪಾಕಿಸ್ತಾನದ ಶಹಬಾಜ್‌ಗಢಿಯಲ್ಲಿದೆ, ಕಳಿಂಗದ ನೆಲವಾದ ಧೌಲಿ, ಜೌಗಡಗಳಲ್ಲಿ ಮಾತ್ರ ಇಲ್ಲ. ಅಲ್ಲಿ ಅದರ ಬದಲು ಬೇರೆ ಎರಡು ಶಾಸನಗಳಿವೆ. ಎಲ್ಲ ಮನುಷ್ಯರೂ ನನ್ನ ಮಕ್ಕಳು, ಅಧಿಕಾರಿಗಳೇ, ಯಾರನ್ನೂ ಕಾರಣವಿಲ್ಲದೆ ಸೆರೆಗೆ ಹಾಕಿ ಪೀಡಿಸಬೇಡಿ ಎನ್ನುವಂಥ ಮಾತುಗಳು. ನಮ್ಮ ಸನ್ನತಿಯ ಕಲ್ಲಿನಲ್ಲೂ ಸಿಕ್ಕಿದ್ದು ಆ ಎರಡೇ, ಜೊತೆಗೆ ಹನ್ನೆರಡು, ಹದಿನಾಲ್ಕನೆಯ ಶಾಸನದ ಭಾಗಗಳು.

ನಾನು ಇದನ್ನು ಓದಿದ್ದು ಆ ಪ್ರವಾಸವಾಗಿ ಎಷ್ಟೋ ವರ್ಷದ ಮೇಲೆ. ಏಟು ಕೊಟ್ಟ ಊರನ್ನು ಬಿಟ್ಟು ಬೇರೆ ಊರುಗಳಲ್ಲಿ ತಪ್ಪಾಯಿತು ಎಂದ ಅಂತ ಓದುತ್ತಿದ್ದಂತೆ ಪುಸ್ತಕ ಮಡಚಿಟ್ಟೆ. ನನ್ನ ಸ್ಟಾಫ್ ರೂಮು ಕಣ್ಣ ಮುಂದೆ ಬಂತು. ಯಾರೂ ನನ್ನನ್ನು ಬೈದಿರಲಿಲ್ಲ, ಉಪದೇಶ ಮಾಡಿರಲಿಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದಿನ ಒಂದು ಕಲ್ಲು ಸಾಕಾಯಿತು. ತಂಗಿ, ಹದಿಹರೆಯದ ಮಕ್ಕಳಿಗೆ ಇಂಥ ಪುಸ್ತಕ ಯಾಕೆ ಅಂದರೆ ನನ್ನ ಉತ್ತರ ಇಷ್ಟೇ: ನನಗೆ ನಲವತ್ತೈದಕ್ಕೆ ಹೊಳೆದದ್ದು ಅವರಿಗೆ ಹದಿನೈದಕ್ಕೆ ಹೊಳೆಯಲಿ. ಹೊಳೆದ ಹೊತ್ತಿಗೆ ನನ್ನ ಆ ಹುಡುಗ ಎಲ್ಲಿದ್ದಾನೋ ನನಗೆ ಗೊತ್ತಿರಲಿಲ್ಲ.

ತಪ್ಪು ಎಲ್ಲಿ ಮಾಡಿದ್ದೋ ಅಲ್ಲೇ ತಿದ್ದುವುದು ಹೇಗೆಂದು ನೋಡಬೇಕೆಂದರೆ ಕಲ್ಯಾಣಕ್ಕೆ ಬರಬೇಕು. ಬಸವಪುರಾಣದ ಉಳ್ಳಾಗಡ್ಡಿ ಕಥೆ ನಿಮ್ಮ ಮಗನಿಗೆ ಹೇಳಿದ್ದೀರಾ? ತೆಲುಗಿನ ಪಾಲ್ಕುರಿಕೆ ಸೋಮನಾಥ ಹೇಳಿದ್ದನ್ನು ನಮ್ಮ ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದ. ಕಿನ್ನರಿ ಬೊಮ್ಮಯ್ಯನ ಮನೆಯ ಉಳ್ಳಾಗಡ್ಡಿಯ ವಾಸನೆಗೆ ಬಸವಣ್ಣ ಹೇಸಿಕೊಂಡ. ನಾವು ತಿನ್ನುವುದು ನಿನಗೆ ಹೇಸಿಗೆಯಾಯಿತೇ ಅಂತ ಬೊಮ್ಮಯ್ಯ ನೊಂದು ಹೊರಟೇಬಿಟ್ಟ. ಮಂತ್ರಿಯಾದವನು ಒಂದು ಹೇಳಿಕೆ ಕಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ಬಸವಣ್ಣ ರಾಶಿ ಉಳ್ಳಾಗಡ್ಡಿ ತರಿಸಿ, ಊರೆಲ್ಲ ನೋಡುವ ಹಾಗೆ ಅದನ್ನೇ ಮೆರೆಸಿಕೊಂಡು ಹೋಗಿ ಬೊಮ್ಮಯ್ಯನನ್ನು ಕರೆತಂದ. ಉಳ್ಳಾಗಡ್ಡಿಗೆ ಮಾಡಿದ ಅವಮಾನಕ್ಕೆ ಉಳ್ಳಾಗಡ್ಡಿಗೇ ಮರ್ಯಾದೆ! "ಎನ್ನ ತಪ್ಪು ಅನಂತಕೋಟಿ, ನಿಮ್ಮ ಸೈರಣೆಗೆ ಲೆಕ್ಕವಿಲ್ಲ" ಎಂದು ಬರೆದವನಿಗೆ ಆ ಮಾತನ್ನು ಬೀದಿಯಲ್ಲಿ ನಿಂತು ಆಡಲೂ ಬರುತ್ತಿತ್ತು.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಿಮ್ಮ ಮಗನಿಗಿಂತ ನೀವು ಓದಬೇಕು. ಗಂಡ ಮಾರಯ್ಯ ದಿನದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವಳು ಚೀರಾಡಲಿಲ್ಲ, ಓಣಿಯವರಿಗೆ ಹೇಳಲಿಲ್ಲ. "ಈಸಕ್ಕಿಯಾಸೆ ನಿಮಗೇಕೆ?" ಅಂತ ಒಂದು ಪ್ರಶ್ನೆ ಕೇಳಿ, ಹೆಚ್ಚಿನದನ್ನು ತಂದಲ್ಲೇ ಸುರಿದು ಬರಲು ಕಳಿಸಿದಳು. ನಿಮ್ಮ ಮನೆಯಲ್ಲೂ ಒಂದು ಹೆಚ್ಚಾಗಿದೆ, "ಕಳ್ಳ" ಅನ್ನುವ ಮಾತು. ಅದನ್ನು ತಂದಲ್ಲೇ ಸುರಿದು ಬರಲು ಯಜಮಾನರಿಗೆ ನೀವು ಹೇಳಬೇಕು. ರಾತ್ರಿ ಅಂಗಡಿ ಮುಚ್ಚಿ ಬಂದಾಗ, ಊಟವಾದ ಮೇಲೆ ಹೇಳಿ. ಹಸಿದ ಗಂಡಸಿಗೆ ಲಕ್ಕಮ್ಮ ಹೇಳಿದರೂ ತಲೆಗೆ ಹೋಗುವುದಿಲ್ಲ.

ಹುಡುಗ 1,200 ರೂಪಾಯಿ ತೀರಿಸಬೇಕು, ಅದರಲ್ಲಿ ರಿಯಾಯಿತಿ ಬೇಡ. ಭಾನುವಾರ ಎರಡು ತಾಸು ಅಂಗಡಿಯಲ್ಲಿ ಬ್ಯಾಳಿ, ಸಕ್ಕರೆ ತೂಗಿ ಪೊಟ್ಟಣ ಕಟ್ಟಲಿ. ಬೇರೆ ಕೆಲಸದವನಿಗೆ ಎಷ್ಟು ಕೊಡುತ್ತೀರೋ ಅಷ್ಟು ಅವನ ಹೆಸರಿನಲ್ಲಿ ಬರೆದುಕೊಳ್ಳಿ. ವಹಿಯನ್ನು ಅವನೇ ಬರೆಯಲಿ, ಅಪ್ಪ ಸಹಿ ಹಾಕಲಿ. ಸಾಲ ತೀರಿದ ದಿನ ಗಿರಾಕಿಗಳಿರುವ ಹೊತ್ತಿನಲ್ಲೇ ಅವನನ್ನು ಗಲ್ಲಾದ ಮೇಲೆ ಕೂರಿಸಿ, ಅಪ್ಪ ಚಹಾಕ್ಕೆಂದು ಎದ್ದು ಹೋಗಲಿ. ಭಾಷಣ ಏನೂ ಬೇಡ.

ಆ ಕನ್ನಡ ಸರ್‌ಗೂ ಎರಡು ಮಾತು. ಓದಿಸಿದ ಮೇಲೆ ಪ್ರಶ್ನೋತ್ತರ ಬರೆಸಬೇಡಿ, ಅಂಕ ಕೊಡಬೇಡಿ. ಅಂಕವಿದ್ದರೆ ಮಕ್ಕಳು ನಮಗೆ ಬೇಕಾದ ಪಶ್ಚಾತ್ತಾಪವನ್ನೇ ಬರೆದುಕೊಡುತ್ತಾರೆ. ಕಡೆಯ ಪುಟದಲ್ಲಿ ಎಲ್ಲರೂ ಅತ್ತು ಅಪ್ಪಿಕೊಳ್ಳುವ ನೀತಿಕಥೆಗಳನ್ನು ಒಂದು ಕಡೆ ಇಡಿ. ಆ ಕಣ್ಣೀರನ್ನು ನನ್ನ ಎಂಟನೆಯ ತರಗತಿಯವರೂ ನಂಬುತ್ತಿರಲಿಲ್ಲ. ಕ್ಷಮೆ ಕೇಳಿದರೂ ಸಿಗದೆ ಹೋದ ಕಥೆಯೂ ಒಂದೆರಡು ಇರಲಿ.

ಗಣಿತದ ಚಿಂತೆ ನನಗೂ ಅರ್ಥವಾಗುತ್ತದೆ. 2025ರ ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ನಮ್ಮ ಕಲಬುರಗಿ ಕಡೆಯ ಸ್ಥಾನದಲ್ಲಿತ್ತು, ಅದರ ಹಿಂದಿನ ವರ್ಷ ನಿಮ್ಮ ಯಾದಗಿರಿ. ಆದರೆ ಪರೀಕ್ಷಾ ಮಂಡಳಿಯೇ 2024ರಲ್ಲಿ ಒಂದೇ ವರ್ಷಕ್ಕೆ ಮೂರು ಪರೀಕ್ಷೆ ಇಟ್ಟಿತು, ಪರೀಕ್ಷೆ ಒಂದು, ಎರಡು, ಮೂರು ಅಂತ. ಸಪ್ಲಿಮೆಂಟರಿ ಅನ್ನುವ ಹಣೆಪಟ್ಟಿಯನ್ನು ಅವರೇ ಕಿತ್ತುಹಾಕಿದ್ದಾರೆ. ಯಜಮಾನರಿಗೆ ಇದನ್ನೂ ಹೇಳಿ ನೋಡಿ.

ಪ್ರಶ್ನೆ: ನಾನು ಬೀದರದ ನಿವೃತ್ತ ನೌಕರ. ನಮ್ಮ ಕಾಲದಲ್ಲಿ ಮಾಸ್ತರರ ಬೆತ್ತದಿಂದ ಸರಿಯಾದೆವು. ಈಗಿನವರು ಕ್ಷಮೆ, ತಿದ್ದಿಕೊಳ್ಳುವುದು ಅಂತ ಪುಸ್ತಕ ಕೊಟ್ಟು ಹುಡುಗರನ್ನು ಮೆತ್ತಗೆ ಮಾಡುತ್ತಿದ್ದಾರೆ. ನೀವೂ ಅದೇ ಪಂಥದವರೇ?

ಉತ್ತರ: ಹೌದ್ರಿ ಅಣ್ಣಾವ್ರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಬೆತ್ತವನ್ನು ಶಾಲೆಯಿಂದ ಹೊರಗೆ ಹಾಕಿದೆ, ಹಾಗಾಗಿ ಆ ಚರ್ಚೆ ಮುಗಿದದ್ದು. ಬೆತ್ತದಿಂದ ನಾನೂ ಕಲಿತಿದ್ದೇನೆ, ಸಿಕ್ಕಿಬೀಳದಿರುವುದು ಹೇಗೆಂದು. ಕ್ಷಮೆ ಅಂದರೆ ಮೆತ್ತಗಾಗುವುದು ಅಂತ ಯಾರು ಹೇಳಿದರು ನಿಮಗೆ? ಮೇಲೆ ಹೇಳಿದ ಅದೇ ಹದಿಮೂರನೆಯ ಶಾಸನದಲ್ಲಿ, ತನಗೆ ಕೇಡು ಮಾಡಿದವರನ್ನೂ ಕ್ಷಮಿಸಬಹುದಾದಷ್ಟು ಕ್ಷಮಿಸಬೇಕು ಎನ್ನುತ್ತಾನೆ ಅಶೋಕ. "ಆದಷ್ಟು" ಅನ್ನುವುದನ್ನು ಗಮನಿಸಿ. ಅದರ ಬೆನ್ನಿಗೇ ಕಾಡಿನ ಜನರಿಗೆ, ನಾನು ಪಶ್ಚಾತ್ತಾಪ ಪಟ್ಟಿದ್ದೇನೆ ನಿಜ, ನನ್ನ ಶಕ್ತಿ ಹಾಗೇ ಇದೆ ಎಂದು ಎಚ್ಚರಿಸುತ್ತಾನೆ. ನಿಮಗೆ ಮೊಮ್ಮಕ್ಕಳಿದ್ದರೆ, ಹದಿನೈದನೇ ವಯಸ್ಸಿನಲ್ಲಿ ಬೆತ್ತಕ್ಕೆ ಸಿಗದೇ ಉಳಿದ ನಿಮ್ಮದೊಂದು ತಪ್ಪನ್ನು ಅವರಿಗೆ ಹೇಳಿ. ಪುಸ್ತಕಕ್ಕಿಂತ ಅದೇ ಹೆಚ್ಚು ಕೆಲಸ ಮಾಡೀತು.

ಪ್ರಶ್ನೆ: ಮೇಡಂ, ನಾನು ಕಲಬುರಗಿಯಲ್ಲಿ ಮೊದಲ ಪಿಯುಸಿ ಓದುತ್ತಿದ್ದೇನೆ. ನನ್ನ ಗೆಳತಿ ಅವರ ಮನೆಯ ಸಾಲದ ವಿಷಯ ನನಗೊಬ್ಬಳಿಗೇ ಮೆಸೇಜ್ ಮಾಡಿದ್ದಳು. ಒಂದು ದಿನ ಸಿಟ್ಟಿನಲ್ಲಿ ಅದರ ಸ್ಕ್ರೀನ್‌ಶಾಟ್ ತೆಗೆದು ಕ್ಲಾಸಿನ ಗ್ರೂಪಿಗೆ ಹಾಕಿಬಿಟ್ಟೆ. ಎರಡು ನಿಮಿಷಕ್ಕೆ ಡಿಲೀಟ್ ಮಾಡಿದೆ, ಅಷ್ಟರಲ್ಲಿ ಎಲ್ಲರೂ ನೋಡಿದ್ದರು. ನಲವತ್ತು ಸಲ ಸಾರಿ ಕಳಿಸಿದ್ದೇನೆ. ಬ್ಲಾಕ್ ಮಾಡಿದ್ದಾಳೆ. ಕ್ಷಮಿಸುವುದು ದೊಡ್ಡ ಗುಣ ಅಂತ ಪುಸ್ತಕಗಳಲ್ಲಿ ಓದಿದ್ದೇನೆ. ಅವಳಿಗೆ ಅದು ಯಾಕೆ ಗೊತ್ತಾಗುತ್ತಿಲ್ಲ?

ಉತ್ತರ: ಮಗಳೇ, ಕ್ಷಮೆಯ ಪುಸ್ತಕವನ್ನು ಓದುವಾಗ ನೀನು ಕೂತದ್ದು ತಪ್ಪು ಕುರ್ಚಿಯಲ್ಲಿ. ಕ್ಷಮಿಸುವುದು ದೊಡ್ಡ ಗುಣ ಅನ್ನುವ ಪುಟ ಅವಳದು. ಅವಳು ಅದನ್ನು ಯಾವಾಗ ಓದುತ್ತಾಳೋ, ಓದುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು. ನಿನ್ನ ಪುಟ ಚೀಟಿ ಬರೆಯುವುದು.

ನಲವತ್ತು ಸಾರಿಗಳ ಬಗ್ಗೆ ಒಂದು ಮಾತು. ನಮ್ಮ ಅತ್ತೆಗೆ ಯಾರಾದರೂ ಸಾರಿ ಅಂದರೆ "ಯಾವ ಸೀರಿವ್ವ?" ಅಂತ ಕೇಳುತ್ತಿದ್ದರು. ನಗೆಯ ಮಾತಾದರೂ ಅದರಲ್ಲಿ ಅರ್ಥವಿತ್ತು. ಕಾಲು ತುಳಿದರೂ ಸಾರಿ, ಮನೆ ಮುರಿದರೂ ಸಾರಿ. ನಮ್ಮ ಕಡೆಯವರು "ಗಲತಿ ಆಯ್ತು, ಮಾಫ್ ಮಾಡ್ರಿ" ಅಂತಾರೆ. ಅಲ್ಲಿ ತಪ್ಪು ಮೊದಲು ಬರುತ್ತದೆ, ಬೇಡಿಕೆ ಆಮೇಲೆ. ಇನ್ನೂ ಹಿಂದಿನವರು "ಹೊಟ್ಟ್ಯಾಗ ಹಾಕ್ಕೋರಿ" ಎನ್ನುತ್ತಿದ್ದರು. ಇನ್ನೊಬ್ಬರ ಹೊಟ್ಟೆಗೆ ಹಾಕುವ ಮುಂಚೆ ಎಂಥ ಖಾರ ಕೊಡುತ್ತಿದ್ದೇವೆ ಅನ್ನುವುದು ಕೊಡುವವರಿಗೆ ಗೊತ್ತಿರಬೇಕಲ್ಲವೇ?

ಹಾಗಾದರೆ ಗ್ರೂಪಿನಲ್ಲೇ ತಪ್ಪು ಒಪ್ಪಿಕೊಳ್ಳಲೇ ಅಂತ ಕೇಳುತ್ತೀ. ಮೇಲೆ ಶಹಾಪುರದ ತಾಯಿಗೆ ತಪ್ಪು ಮಾಡಿದ ಜಾಗದಲ್ಲೇ ತಿದ್ದಬೇಕೆಂದು ಅಷ್ಟುದ್ದ ಬರೆದ ನಾನು, ನಿನ್ನ ಪತ್ರ ಓದಿ ತಡವರಿಸಿದೆ. ನೀನು ಗ್ರೂಪಿನಲ್ಲಿ ಮತ್ತೆ ಬರೆದರೆ, ಆ ಎರಡು ನಿಮಿಷ ನೋಡದೇ ಇದ್ದವರೂ "ಏನಾಗಿತ್ತು?" ಅಂತ ಕೇಳುತ್ತಾರೆ, ಅವಳ ಮನೆಯ ಸಾಲ ಇನ್ನೊಮ್ಮೆ ಮೆರವಣಿಗೆ ಹೊರಡುತ್ತದೆ. ಅಶೋಕ ಕಳಿಂಗದಲ್ಲಿ ಆ ಶಾಸನ ಹಾಕಿಸದೆ ಇದ್ದದ್ದು ಮುಖ ತೋರಿಸಲಾಗದೆ ಅಂತಲೇ ನಾನು ಇಷ್ಟು ದಿನ ನಂಬಿದ್ದೆ. ಸತ್ತವರ ಲೆಕ್ಕವನ್ನು ಸತ್ತವರ ಮಕ್ಕಳ ಮುಂದೆ ಕೊರೆಸುವುದು ಬೇಡವೆನ್ನಿಸಿರಲೂಬಹುದು. ಹಾಗಾಗಿ ನೀನೇ ತೀರ್ಮಾನಿಸಬೇಡ, ಅವಳನ್ನು ಕೇಳು.

ಕಾಗದದ ಮೇಲೆ, ಪೆನ್ನಿನಲ್ಲಿ ಬರೆ. "ನೀನು ನಂಬಿ ಹೇಳಿದ್ದನ್ನು ನಾನು ಎಲ್ಲರಿಗೂ ತೋರಿಸಿದೆ. ಸಿಟ್ಟು ನನ್ನದು, ನಾಚಿಕೆ ನಿನಗಾಯಿತು. ಗ್ರೂಪಿನಲ್ಲಿ ನಾನು ತಪ್ಪು ಒಪ್ಪಿಕೊಳ್ಳಬೇಕೋ, ಸುಮ್ಮನಿರಬೇಕೋ, ನೀನು ಹೇಳಿದ ಹಾಗೆ." ಸಾಲದ ಮಾತು ಅದರಲ್ಲಿ ಬರಬಾರದು, "ಆದರೆ ನೀನೂ ಅವತ್ತು" ಅನ್ನುವುದೂ ಬರಬಾರದು. ನಿನ್ನ ಫೋನಿನಲ್ಲಿ ಆ ಸ್ಕ್ರೀನ್‌ಶಾಟ್ ಇನ್ನೂ ಇದ್ದರೆ ಈಗಲೇ ತೆಗೆ. ಕಾಲೇಜಿನಲ್ಲಿ ಯಾರಾದರೂ ಆ ವಿಷಯ ಎತ್ತಿ ನಕ್ಕರೆ "ತಪ್ಪು ನಂದು, ಅವಳದಲ್ಲ" ಅಂತ ಅಲ್ಲೇ ಹೇಳು. ನಾನು "ನೈಂಟಿ" ಕೇಳಿಸದವಳ ಹಾಗೆ ಇದ್ದೆನಲ್ಲ, ನೀನು ಹಾಗಿರಬೇಡ.

ದಸರಾ ಹತ್ತಿರ ಬಂತು. ಬನ್ನಿ ಮುಡಿದು ಬಂದ ಸಂಜೆ "ಬಂಗಾರ ತಗೊಂಡು ಬಂಗಾರದಂಗ ಇರೋಣ" ಅಂತ ಮನೆ ಮನೆಗೆ ಹೋಗುತ್ತೇವಲ್ಲ, ಆವತ್ತು ಅವಳ ಮನೆಗೂ ಹೋಗು. ಹಿರಿಯರಿಗೆ ಮೊದಲು ಕೊಟ್ಟು ಕಾಲು ಮುಟ್ಟು, ಆಮೇಲೆ ಅವಳ ಮುಂದೆ ಕೈ ನೀಡು. ತಗೊಂಡರೂ, ಕೈ ಹಿಂದಕ್ಕೆ ಎಳೆದುಕೊಂಡರೂ, ಏನಾಯಿತೆಂದು ನನಗೆ ಒಂದು ಸಾಲು ಬರಿ.